ಗೆದ್ದು ಬಂದ ರಾಜಕಾರಣಿಯನ್ನು ಸೋಷಿಯಲ್ ಮೀಡಿಯಾದಿಂದ ಬ್ಯಾನ್ ಮಾಡಿದರೆ ವಾಕ್ ಸ್ವಾತಂತ್ರ್ಯ ಹೋದ ಹಾಗೆ ಅಲ್ವಾ?

ಜನ ಓಟು ಹಾಕಿ ಗೆಲ್ಲಿಸಿದವರ ಬಾಯಿ ಮುಚ್ಚಿಸಲು ಒಂದು ಕಂಪನಿಗೆ ಏನು ಹಕ್ಕು ಅಂತ ಕೇಳಿದ್ದೀರಿ. ನನಗೆ ಅನಿಸಿದ್ದನ್ನು ನೇರವಾಗಿ ಹೇಳುತ್ತೇನೆ. ಮಾತನ್ನು ತೆಗೆಯುವ ಹಕ್ಕು ಕಂಪನಿಗೆ ಇದೆ. ಮನುಷ್ಯನನ್ನೇ ಶಾಶ್ವತವಾಗಿ ಹೊರಗೆ ಹಾಕುವ ಅಧಿಕಾರ ಅದರ ಕೈಯಲ್ಲಿ ಇರಬಾರದು.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಚುನಾವಣೆ ಬಂತೆಂದರೆ ಕನ್ನಡದಲ್ಲೂ ಮಲಯಾಳದಲ್ಲೂ ನೋಟೀಸು. ಲೋಕಸಭೆ, ವಿಧಾನಸಭೆ ಚುನಾವಣೆಯ ನೋಟೀಸಿಗೆ ಕಾನೂನು ಇದೆ, 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ. ಅಚ್ಚು ಹಾಕಿದವರ ಮತ್ತು ಪ್ರಕಟಿಸಿದವರ ಹೆಸರು, ವಿಳಾಸ ನೋಟೀಸಿನ ಮೇಲೆ ಇರಲೇಬೇಕು. ಹಾಕಿಸುವವರು ಯಾರು ಅಂತ ಅವರನ್ನು ಬಲ್ಲ ಇಬ್ಬರ ಸಹಿ ಇರುವ ಘೋಷಣೆ ಕೊಡಬೇಕು. ಅಚ್ಚಾದ ಮೇಲೆ ಆ ಘೋಷಣೆಯ ಒಂದು ಪ್ರತಿ, ನೋಟೀಸಿನ ಒಂದು ಪ್ರತಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ತಪ್ಪಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 2000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಒಂದು ಚುನಾವಣೆಯಲ್ಲಿ ಪ್ರಚಾರ ಮುಗಿಯಲು ಎರಡು ದಿನ ಇರುವಾಗ, ರಾತ್ರಿ ಹತ್ತೂವರೆಗೆ ಇಬ್ಬರು ಹುಡುಗರು ಪೆನ್ ಡ್ರೈವ್ ಹಿಡಿದುಕೊಂಡು ಬಂದರು. ಬೆಳಗ್ಗೆ ಆರಕ್ಕೆ ಎರಡು ಸಾವಿರ ಬೇಕಂತೆ. ಫೈಲು ತೆರೆದು ನೋಡಿದೆ. ಎದುರು ಅಭ್ಯರ್ಥಿಯ ಮಗಳು ಯಾರನ್ನು ಮದುವೆಯಾದಳು, ಅವರು ಯಾವ ಧರ್ಮದವರು, ಆ ಧರ್ಮದವರಿಗೆ ಏನು ಮಾಡಬೇಕು ಅಂತೆಲ್ಲ ಇತ್ತು. ನಾನು ಆಗುವುದಿಲ್ಲ ಅಂದೆ. ದುಪ್ಪಟ್ಟು ಕೊಡುತ್ತೇವೆ ಅಂದರು. ಕಂಪ್ಯೂಟರ್ ಆಫ್ ಮಾಡಿ ಪೆನ್ ಡ್ರೈವ್ ಕೈಗೆ ಕೊಟ್ಟೆ. ಮುಂದಿನ ಪಂಚಾಯತು ಚುನಾವಣೆಗೆ ಅದೇ ಪಕ್ಷದವರು ಕುಡಿಯುವ ನೀರು, ರಸ್ತೆ ಅಂತ ನೋಟೀಸು ತಂದರು, ಖುಷಿಯಿಂದ ಹಾಕಿಕೊಟ್ಟೆ. ಇನ್ನು ಮುಂದೆ ನೀವು ನನ್ನ ಅಂಗಡಿ ಮೆಟ್ಟಿಲು ಹತ್ತಬೇಡಿ ಅಂದಿದ್ದರೂ ಅವರಿಗೆ ನಷ್ಟವಿಲ್ಲ, ನೀರ್ಚಾಲಿಗೋ ಕುಂಬಳೆಗೋ ಹೋಗುತ್ತಿದ್ದರು ಅಷ್ಟೇ. ಆದರೆ ಫೇಸ್‌ಬುಕ್, ಯೂಟ್ಯೂಬ್, ಟ್ವಿಟರಿನಂಥವು (ಟ್ವಿಟರಿಗೆ ಈಗ ಎಕ್ಸ್ ಅಂತ ಹೆಸರು) ಊರಿಗೊಂದು ಇಲ್ಲವಲ್ಲ. ಅಲ್ಲಿ ಬಾಗಿಲು ಹಾಕಿದರೆ ಪಕ್ಕದ ಅಂಗಡಿ ಅಂತ ಇಲ್ಲ.

ಟ್ರಂಪ್ ವಿಷಯ ನೋಡಿ. 2021ರ ಜನವರಿ 6ರಂದು ವಾಷಿಂಗ್ಟನ್ನಿನ ಸಂಸತ್ ಭವನಕ್ಕೆ ಅವರ ಬೆಂಬಲಿಗರು ನುಗ್ಗಿದರು. ಮರುದಿನ ಫೇಸ್‌ಬುಕ್ ಅವರ ಖಾತೆಯನ್ನು ಗಡುವಿಲ್ಲದೆ ತಡೆಯಿತು, 8ರಂದು ಟ್ವಿಟರ್ ಶಾಶ್ವತವಾಗಿ ಅಂದಿತು. ಆಗ ಅಲ್ಲಿ ಅವರಿಗೆ 8 ಕೋಟಿಗಿಂತ ಜಾಸ್ತಿ ಫಾಲೋವರ್ಸ್ ಇದ್ದರು. ಆ ಹೊತ್ತಿಗೆ ತಡೆದದ್ದು ಸರಿ ಅಂತ ನಾನು ಈಗಲೂ ಹೇಳುತ್ತೇನೆ. ಬೆಂಕಿ ಉರಿಯುವಾಗ ಎಣ್ಣೆಯ ಡಬ್ಬ ಕೈಯಿಂದ ತೆಗೆಯಲೇಬೇಕು. ಆದರೆ ಗಡುವಿಲ್ಲದ ಶಿಕ್ಷೆ? ಫೇಸ್‌ಬುಕ್ಕಿನ ಮೇಲ್ವಿಚಾರಣಾ ಮಂಡಳಿಯೇ ಮೇ ತಿಂಗಳಲ್ಲಿ, ತಡೆದದ್ದು ಸರಿ, ಎಷ್ಟು ದಿನ ಅಂತ ಹೇಳದೆ ಇಟ್ಟದ್ದು ತಪ್ಪು, ನಿಮ್ಮ ನಿಯಮದಲ್ಲೇ ಅಂಥ ಶಿಕ್ಷೆ ಇಲ್ಲ ಅಂದಿತು. ಆಮೇಲೆ ಎರಡು ವರ್ಷ ಅಂತ ಆಯಿತು. ಟ್ವಿಟರಿನ ಶಾಶ್ವತ ಬ್ಯಾನ್ ಅಷ್ಟೂ ಬಾಳಲಿಲ್ಲ, ಮಾಲೀಕರು ಬದಲಾದರು, 2022ರ ನವೆಂಬರಿನಲ್ಲಿ ಖಾತೆ ವಾಪಸ್ ಬಂತು. ಒಬ್ಬ ಮಾಲೀಕ ಹಾಕಿದ ಬೀಗ ಇನ್ನೊಬ್ಬ ತೆಗೆದ. ನನಗೆ ಭಯ ಇರುವುದು ಅದರಲ್ಲೇ.

ಮ್ಯಾನ್ಮಾರ್ ಬೇರೆ. ಅಲ್ಲಿನ ಆಗಿನ ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲೈಂಗ್ ಖಾತೆಯನ್ನು ಫೇಸ್‌ಬುಕ್ 2018ರ ಆಗಸ್ಟಿನಲ್ಲಿ ತೆಗೆಯಿತು. ಅಷ್ಟರಲ್ಲಿ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾ ಜನ ಸೇನೆಯ ದಾಳಿಗೆ ಲಕ್ಷಗಟ್ಟಲೆ ಊರು ಬಿಟ್ಟು ಓಡಿ ಒಂದು ವರ್ಷ ಆಗಿತ್ತು, ತಡಮಾಡಿದೆವು ಅಂತ ಕಂಪನಿಯೇ ಒಪ್ಪಿಕೊಂಡಿತು. ಕೈಕೆಳಗೆ ಬಂದೂಕು ಇರುವವನು ಒಂದು ಜನಾಂಗದ ಮೇಲೆ ದ್ವೇಷ ಹರಡಲು ಖಾತೆ ಬಳಸಿದರೆ ಗಡುವು ಗಿಡುವು ಅಂತ ನಾನು ವಾದ ಮಾಡುವುದಿಲ್ಲ.

ಹಾಗಾದರೆ ಸರ್ಕಾರವೇ ತೀರ್ಮಾನ ಮಾಡಲಿ ಅಂತೀರಾ? ಬೇಡ ಮಾರಾಯ್ರೇ. ನಾವು ಕೇರಳದಲ್ಲಿ ಇರುವವರು, ಕಣ್ಣಾರೆ ನೋಡಿದ್ದೇವೆ. 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ, ಅಂದರೆ ಇನ್ನೊಬ್ಬರಿಗೆ ಕಿರಿಕಿರಿಯಾಗುವಂಥದ್ದನ್ನು ಆನ್‌ಲೈನಿನಲ್ಲಿ ಹಾಕಿದರೆ ಜೈಲು ಅನ್ನುವ ಕಲಮನ್ನು, ರದ್ದು ಮಾಡಿತು, ಅದೇ ತೀರ್ಪಿನಲ್ಲಿ ಅಂಥದ್ದೇ ಆದ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಕೂಡ ಹೋಯಿತು. ಆದರೂ 2020ರ ನವೆಂಬರಿನಲ್ಲಿ 118ಎ ಅಂತ ಸುಗ್ರೀವಾಜ್ಞೆ ಬಂತು. ಅವಮಾನ ಆಗುವಂಥದ್ದನ್ನು ಬರೆದರೆ 3 ವರ್ಷದವರೆಗೆ ಜೈಲು. ಹೆಂಗಸರ ಮೇಲೆ ಆನ್‌ಲೈನಿನಲ್ಲಿ ನಡೆಯುವ ದಾಳಿ ತಡೆಯಲು ಅಂದರು, ಆ ಕಾಳಜಿ ಸುಳ್ಳಲ್ಲ, ಆದರೆ ಬರೆದ ರೀತಿ ಹೇಗಿತ್ತೆಂದರೆ ಪಂಚಾಯತು ಮೆಂಬರನ್ನು ಬೈದು ನೋಟೀಸು ಹಾಕಿದರೂ ಒಳಗೆ ಹೋಗಬಹುದಿತ್ತು. ಎಡರಂಗದ ಬೆಂಬಲಿಗರೇ ಆಕ್ಷೇಪಿಸಿದರು. ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡರು, ಪುಣ್ಯಕ್ಕೆ.

ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯನ್ನು ಮುಖ್ಯವಾಗಿ ಸರ್ಕಾರದ ಎದುರು ಬಳಸುವುದು ರೂಢಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಖಾಸಗಿಯವರ ವಿರುದ್ಧವೂ ಈ ಹಕ್ಕು ಕೇಳಬಹುದು ಅಂತ ಬಹುಮತದಿಂದ ಹೇಳಿದೆ. ಕಂಪನಿಗಳ ವಿಷಯದಲ್ಲಿ ಆ ದಾರಿ ಹಿಡಿದು ಯಾರಾದರೂ ಹೋಗಬೇಕು ಅಂತ ನನಗೆ ತುಂಬಾ ಆಸೆ.

ಯಾಕೆಂದರೆ ನಾಯಕರಿಗೆ ಟಿವಿ ಇದೆ, ಪತ್ರಿಕೆ ಇದೆ, ಮೈಕ್ ಕಟ್ಟಿದ ಜೀಪು ಇದೆ. ನಮಗೆ ಏನಿದೆ? ಕೆಲವು ವರ್ಷದ ಹಿಂದೆ ನಾವು ನಾಲ್ಕು ಜನ ಗೆಳೆಯರು ಗಡಿನಾಡ ಕನ್ನಡಿಗರಿಗಾಗಿ ಒಂದು ದೊಡ್ಡ ಜಾಲತಾಣದಲ್ಲಿ ಪುಟ ನಡೆಸುತ್ತಿದ್ದೆವು. ಒಂದು ಕಚೇರಿಯಲ್ಲಿ ಕನ್ನಡವೇ ಇಲ್ಲದ, ಬರೀ ಮಲಯಾಳದ ಅರ್ಜಿ ನಮೂನೆಯ ಫೋಟೋ ಹಾಕಿ, ನನ್ನ ಅಮ್ಮನಂಥವರು ಇದನ್ನು ಹೇಗೆ ತುಂಬುವುದು ಅಂತ ಕೇಳಿದೆವು. ಯಾರೋ ಗುಂಪು ಕಟ್ಟಿ ರಿಪೋರ್ಟ್ ಮಾಡಿರಬೇಕು. ಮೂರನೇ ದಿನ ಪುಟ ಇಲ್ಲ. ಯಾವ ಸಾಲು ತಪ್ಪು ಅಂತ ಹೇಳಲೇ ಇಲ್ಲ, ಇಂಗ್ಲಿಷಿನಲ್ಲಿ ಒಂದೇ ಮೆಸೇಜು ಮೂರು ಸಲ ಬಂತು. ಮಲಯಾಳ ಪದ ಸೇರಿದ ನಮ್ಮ ಕನ್ನಡವನ್ನು ಅಲ್ಲಿ ಯಾರಾದರೂ ಓದಿದ್ದರೆ ತಾನೆ! ಅದೇ ವಾರ ಒಬ್ಬ ದೊಡ್ಡ ನಾಯಕರು ಒಂದು ಸಮುದಾಯದ ಬಗ್ಗೆ ಕೆಟ್ಟದಾಗಿ ಹೇಳಿದ ವಿಡಿಯೋ ಅಲ್ಲೇ ಓಡುತ್ತಿತ್ತು.

ಅದಕ್ಕೇ ನಾನು ಕೇಳುವುದು ಇಷ್ಟು. ನಾಯಕರಿಗೂ ನಮಗೂ ಒಂದೇ ನಿಯಮ ಇರಲಿ. ಯಾವ ಮಾತು ತಪ್ಪು, ಎಷ್ಟು ದಿನ ತಡೆ, ಎಲ್ಲಿ ಮೇಲ್ಮನವಿ ಅಂತ ನಮ್ಮ ಭಾಷೆಯಲ್ಲಿ ಬರೆದು ಕೊಡಲಿ. 2021ರ ಐಟಿ ನಿಯಮದ ಪ್ರಕಾರ ದೊಡ್ಡ ಜಾಲತಾಣಗಳು ತಾವಾಗಿ ಏನಾದರೂ ತೆಗೆಯುವಾಗ ಕಾರಣ ತಿಳಿಸಬೇಕು, ವಾದಿಸಲು ಅವಕಾಶ ಕೊಡಬೇಕು. ಅವರ ದೂರು ಅಧಿಕಾರಿಯ ಉತ್ತರ ಸರಿ ಅನಿಸದಿದ್ದರೆ 30 ದಿನದೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಸಮಿತಿಯನ್ನು ನೇಮಿಸುವುದು ಕೇಂದ್ರ ಸರ್ಕಾರ, ಅದು ನನಗೆ ಪೂರ್ತಿ ಹಿಡಿಸಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ನಮ್ಮ ಪುಟ ಹೋದಾಗ ಅದೂ ಇರಲಿಲ್ಲ. ಹಳೆಯ ಯಕ್ಷಗಾನ ಹ್ಯಾಂಡ್‌ಬಿಲ್ಲುಗಳ ಇನ್ನೂರು ಮುನ್ನೂರು ಫೋಟೋ ಅದರಲ್ಲಿತ್ತು. ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಬರೀ ಅರುವತ್ತು.