ಸ್ಮ್ಯಾಶ್ ಅಲ್ಟಿಮೇಟ್ ಥೀಮ್ ಟೂರ್ನಿಗೆ ಸ್ಟೀವ್ ಕಲಿಯಲಾ, ಟೆರಿಯನ್ನೇ ಆಡಲಾ?

ನಿಂಟೆಂಡೊ ಕಂಪನಿಯ ಹೊಡೆದಾಟದ ವಿಡಿಯೋ ಗೇಮ್ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್‌ನಲ್ಲಿ ವಿಶೇಷ ನಿಯಮಗಳ ಆನ್‌ಲೈನ್ ಥೀಮ್ ಟೂರ್ನಿ: ಸ್ಟ್ಯಾಮಿನಾ ನಿಯಮ (ಪ್ರಾಣಶಕ್ತಿ ಮುಗಿದರೆ ಔಟ್), ಒಂದು ಪಂದ್ಯಕ್ಕೆ ನಾಲ್ಕು ಜನ, ಐಟಂ (ಪಂದ್ಯದ ನಡುವೆ ಬೀಳುವ ವಸ್ತುಗಳು) ಆನ್, ವಾರಾಂತ್ಯ ಮುಗಿದರೆ ಟೂರ್ನಿಯೂ ಮುಗೀತು. ನಿಮ್ಮ ಮೇನ್, ಅಂದರೆ ನೀವು ಸದಾ ಆಡುವ ಪಾತ್ರ, ಟೆರಿ ಬೊಗಾರ್ಡ್. ಟಿಯರ್ ಲಿಸ್ಟ್‌ನಲ್ಲಿ (ಯಾವ ಪಾತ್ರ ಎಷ್ಟು ಬಲಶಾಲಿ ಅನ್ನುವ ಪಟ್ಟಿ) ಮೇಲಿದ್ದಾನೆ ಅಂತ ಮೈನ್‌ಕ್ರಾಫ್ಟ್ ಆಟದಿಂದ ಬಂದ ಸ್ಟೀವ್‌ನನ್ನು ಈ ಮೂರು ದಿನದಲ್ಲಿ ಕಲಿಯಬೇಕಾ ಎಂದು ಕೇಳಿದ್ದೀರಿ. ಇದೇ ಆಟದಲ್ಲಿ, ಇಂಥದ್ದೇ ಥೀಮ್‌ನಲ್ಲಿ, ಇದೇ ಟೆರಿಯನ್ನು ಹಿಡಿದು ನಾನೂ ಕೂತಿದ್ದೆ.

ಆಗ ಅಮೆರಿಕದಲ್ಲಿ ಎಂಎಸ್ ಓದುತ್ತಿದ್ದೆ. ಟೆರಿ ನನಗೆ ಸ್ಮ್ಯಾಶ್‌ನಿಂದ ಪರಿಚಯ ಆದವನಲ್ಲ. ಮೈಸೂರಿನಲ್ಲಿ ಶಾಲೆ ಬಿಟ್ಟ ಮೇಲೆ ವಿಡಿಯೋ ಗೇಮ್ ಪಾರ್ಲರ್‌ಗೆ ಹೋಗಿ, ಕಾಯಿನ್ ಹಾಕಿ ಕಿಂಗ್ ಆಫ್ ಫೈಟರ್ಸ್ 97 ಆಡುತ್ತಿದ್ದ ಕಾಲದಿಂದ ಅವನು ನನ್ನವನು. ಕೆಂಪು ಟೋಪಿ, ಕೆಂಪು ಜಾಕೆಟ್, ಎದುರಾಳಿ ಮೇಲೆ ನುಗ್ಗುವ ಆ ಮುಷ್ಟಿ. ಎಸ್‌ಎನ್‌ಕೆ ಕಂಪನಿಯ ಫೇಟಲ್ ಫ್ಯೂರಿಯಲ್ಲಿ 1991ರಲ್ಲಿ ಹುಟ್ಟಿದವನು 2019ರ ನವೆಂಬರ್‌ನಲ್ಲಿ ಮಾರಿಯೋ, ಪಿಕಾಚು, ಲಿಂಕ್ ಜೊತೆ ಒಂದೇ ಆಟದಲ್ಲಿ ಬಂದು ನಿಂತಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಬೇರೆ ಬೇರೆ ಕಂಪನಿಗಳ ಪಾತ್ರಗಳು ಒಂದೇ ಅಂಗಳದಲ್ಲಿ ಹೊಡೆದಾಡುವ ಆಟದ ನಿಜವಾದ ಸುಖ ಅದು. ಕೊನೆಗೆ 2021ರ ಅಕ್ಟೋಬರ್‌ನಲ್ಲಿ ಸೋರಾ ಬಂದಾಗ ಒಟ್ಟು 89 ಪಾತ್ರಗಳಾದವು. ಅಷ್ಟು ಜನ ಇದ್ದರೂ ನನ್ನ ಕೈ ಹೋಗುತ್ತಿದ್ದದ್ದು ಒಬ್ಬನ ಮೇಲೆ.

ಟೂರ್ನಿಯ ಸುದ್ದಿ ನೋಡಿದ ಕೂಡಲೇ ಲೆಕ್ಕ ಹಾಕಿದೆ. ಟೆರಿಗೆ ಎರಡು ಸೂಪರ್ ಹೊಡೆತಗಳಿವೆ ಅಲ್ವಾ, ಪವರ್ ಗೀಸರ್ ಮತ್ತು ಬಸ್ಟರ್ ವುಲ್ಫ್. ಮಾಮೂಲಿ ಪಂದ್ಯದಲ್ಲಿ ಅವನ ಡ್ಯಾಮೇಜ್, ಅಂದರೆ ತಿಂದ ಪೆಟ್ಟಿನ ಲೆಕ್ಕ, 100 ಶೇಕಡಾ ಮುಟ್ಟಿದ ಮೇಲೆ ಅವು ತೆರೆದುಕೊಳ್ಳುತ್ತವೆ. ಸ್ಟ್ಯಾಮಿನಾದಲ್ಲಿ ಶೇಕಡಾ ಇಲ್ಲ, ಎಚ್‌ಪಿ, ಅಂದರೆ ಉಳಿದ ಪ್ರಾಣಶಕ್ತಿಯ ಅಂಕ, ಇರುತ್ತದೆ. ಅದು ಸೊನ್ನೆಗೆ ಇಳಿದರೆ ಔಟ್. ಹಾಗಾಗಿ ಅಲ್ಲಿ ಎಚ್‌ಪಿ ಚೆನ್ನಾಗಿ ಇಳಿದ ಮೇಲೆ ಆ ಸೂಪರ್‌ಗಳು ಸಿಗುತ್ತವೆ. ಬಸ್ಟರ್ ವುಲ್ಫ್ ಒಂದು ಸರಿಯಾಗಿ ಕೂತರೆ ಎದುರಾಳಿಯ ಎಚ್‌ಪಿ ಒಳ್ಳೇ ಗಾತ್ರದಲ್ಲಿ ಕರಗುತ್ತದೆ. ಅಂದರೆ ಪೆಟ್ಟು ತಿಂದು ಬದುಕಿ ಉಳಿ, ಸೂಪರ್ ತೆರೆದ ಮೇಲೆ ಬಿಡು. ಯೋಜನೆ ಇಷ್ಟೇ. ಯೋಜನೆ ಕೆಟ್ಟದ್ದಾಗಿರಲಿಲ್ಲ, ಈಗಲೂ ಹಾಗೇ ಅನ್ನುತ್ತೇನೆ.

ಅದನ್ನು ಅಭ್ಯಾಸ ಮಾಡಿದ ರೀತಿ ತಪ್ಪಾಗಿತ್ತು. ರಾತ್ರಿಯೆಲ್ಲಾ ಒಬ್ಬ ಕಂಪ್ಯೂಟರ್ ಎದುರಾಳಿಯನ್ನು ಇಟ್ಟುಕೊಂಡು, ಸ್ಟ್ಯಾಮಿನಾ ನಿಯಮ ಹಾಕಿ, ಒಬ್ಬರಿಗೆ ಒಬ್ಬರು ಆಡಿದೆ. ಬಸ್ಟರ್ ವುಲ್ಫ್ ಹೊಡೆಯಲು ಕೆಳಗೆ, ಕೆಳಗೆ-ಮುಂದೆ, ಮುಂದೆ, ಮತ್ತೆ ಕೆಳಗೆ, ಕೆಳಗೆ-ಮುಂದೆ, ಮುಂದೆ ಅಂತ ಸ್ಟಿಕ್ ತಿರುಗಿಸಿ ಬಟನ್ ಒತ್ತಬೇಕು. ಬಲಕ್ಕೆ, ಎಡಕ್ಕೆ, ನಿದ್ದೆಗಣ್ಣಲ್ಲೂ ಬರುವ ಹಾಗೆ ಮಾಡಿಕೊಂಡೆ.

ಟೂರ್ನಿ ಶುರುವಾಯಿತು. ಮೊದಲ ಪಂದ್ಯದಲ್ಲೇ ಅಂಚಿನ ಹತ್ತಿರ ನಿಂತಿದ್ದೆ, ಎಚ್‌ಪಿ ಇಳಿದಿತ್ತು, ಸೂಪರ್ ತೆರೆದಿತ್ತು. ಎದುರಾಳಿಯೊಬ್ಬನ ಪಾತ್ರ ಕಿರ್ಬಿ ನನ್ನ ಎಡಗಡೆ ಬಂದು ಇಳಿಯಿತು. ಎಡಕ್ಕೆ ಸ್ಟಿಕ್ ತಿರುಗಿಸಿ ಒತ್ತಿದೆ. ಟೆರಿ ಬಲಕ್ಕೆ ಪಲ್ಟಿ ಹೊಡೆದು ಅಂಚು ದಾಟಿ ಹಾರಿದ. ಸ್ಟ್ಯಾಮಿನಾದಲ್ಲಿ ಎಚ್‌ಪಿ ಎಷ್ಟೇ ಇರಲಿ, ಕೆಳಗೆ ಬಿದ್ದರೆ ಹೋದ ಹಾಗೆಯೇ. ಹಾಗೆ ಹೋದೆ. ಮುಂದಿನ ಪಂದ್ಯಗಳಲ್ಲೂ ಅದೇ. ಕೆಲವು ಸಲ ಬೀಳಲಿಲ್ಲ, ಆದರೆ ಬಸ್ಟರ್ ವುಲ್ಫ್ ಬರಬೇಕಾದ ಕಡೆ ಬೇರೇನೋ ಬಂತು. ನೆಟ್ ಲ್ಯಾಗ್ ಅಂದುಕೊಂಡೆ. ಕಂಟ್ರೋಲರ್ ಸ್ಟಿಕ್ ಕೆಟ್ಟಿದೆ ಅಂದುಕೊಂಡು ಬೇರೆ ಕಂಟ್ರೋಲರ್ ಹಾಕಿದೆ. ಇದೇ ಗೊಂದಲದಲ್ಲಿ ಶನಿವಾರ ಪೂರ್ತಿ ಹೋಯಿತು.

ಭಾನುವಾರ ಹುಬ್ಬಳ್ಳಿಯ ನನ್ನ ರೂಮ್‌ಮೇಟ್ ಊಟದ ತಟ್ಟೆ ಹಿಡಿದುಕೊಂಡು ಹಿಂದೆ ಬಂದು ನಿಂತ. ಅವನು ಒಂದು ದಿನವೂ ಕಂಟ್ರೋಲರ್ ಮುಟ್ಟಿದವನಲ್ಲ. ಸ್ವಲ್ಪ ಹೊತ್ತು ನೋಡಿ, "ಲೇ, ಅವ ಆ ಕಡೆ ಮಾರಿ ಮಾಡ್ಯಾನಲ್ಲೋ, ನೀ ಈ ಕಡೆ ಯಾಕ ಹೊಡ್ಯಾಕ ಹತ್ತೀದಿ?" ಅಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವು ಟೆರಿ ಆಡುವವರು.

ಸ್ಮ್ಯಾಶ್‌ನಲ್ಲಿ ಬಹುತೇಕ ಪಾತ್ರಗಳು ನೀವು ಎತ್ತ ತಿರುಗಿಸುತ್ತೀರೋ ಅತ್ತ ನೋಡುತ್ತವೆ. ರ್‍ಯು, ಕೆನ್, ಟೆರಿ, ಕಜುಯಾ ಮಾತ್ರ ಬೇರೆ. ಇವರು ಬೇರೆ ಫೈಟಿಂಗ್ ಆಟಗಳಿಂದ ಬಂದವರು. ಆ ಆಟಗಳಲ್ಲಿ ಇಬ್ಬರೇ ಇರುತ್ತಾರೆ, ಒಬ್ಬರಿಗೊಬ್ಬರು ಮುಖ ಮಾಡಿಯೇ ಇರುತ್ತಾರೆ. ಆ ಗುಣವನ್ನು ಇಲ್ಲೂ ಉಳಿಸಿದ್ದಾರೆ: ಪಂದ್ಯದಲ್ಲಿ ಎದುರಾಳಿ ಒಬ್ಬನೇ ಇದ್ದರೆ ಟೆರಿ ತಾನಾಗಿಯೇ ಅವನ ಕಡೆ ತಿರುಗುತ್ತಾನೆ. ಎದುರಾಳಿ ತಲೆ ಮೇಲಿಂದ ಹಾರಿ ಹಿಂದೆ ಇಳಿದರೂ ನೆಲದ ಮೇಲಿರುವ ಟೆರಿ ತಿರುಗಿ ನಿಲ್ಲುತ್ತಾನೆ. ಹೀಗಿರುವಾಗ ಟೆರಿಯ "ಮುಂದೆ" ಮತ್ತು ಎದುರಾಳಿ ಇರುವ ದಿಕ್ಕು ಎರಡೂ ಒಂದೇ. ನನ್ನ ಹೆಬ್ಬೆರಳು ಕಲಿತದ್ದು ಇದನ್ನೇ. ನನ್ನ ಕಣ್ಣು ಎದುರಾಳಿ ಮೇಲಿತ್ತು. ಟೆರಿಯ ಮುಖ ಎತ್ತ ಇದೆ ಅಂತ ನೋಡುವ ಅಭ್ಯಾಸವೇ ನನಗೆ ಆಗಿರಲಿಲ್ಲ. ಆಗಬೇಕಾದ ಅಗತ್ಯವೂ ಬಂದಿರಲಿಲ್ಲ.

ನಾಲ್ಕು ಜನ ಇದ್ದಾಗ ಈ ತಾನಾಗಿಯೇ ತಿರುಗುವುದು ಇರುವುದಿಲ್ಲ. ಮೂವರಲ್ಲಿ ಯಾರ ಕಡೆ ತಿರುಗಬೇಕು ಹೇಳಿ? ಆಗ ಟೆರಿಯೂ ಎಲ್ಲರ ಹಾಗೆ. ಕೊನೆಯ ಸಲ ಎತ್ತ ತಿರುಗಿಸಿದಿರೋ ಅತ್ತಲೇ ಮುಖ. ಆದರೆ ಸ್ಟಿಕ್ ತಿರುಗಿಸಿ ಹೊಡೆಯುವ ಹೊಡೆತಗಳ ಲೆಕ್ಕ ಅವನ ಮುಖದ ದಿಕ್ಕಿನ ಮೇಲೆಯೇ ನಡೆಯುತ್ತದೆ. ಟೆರಿ ಬಲಕ್ಕೆ ನೋಡುತ್ತಿದ್ದಾನೆ, ಕಿರ್ಬಿ ಎಡಕ್ಕಿದೆ. ನಾನು ಕಿರ್ಬಿ ಕಡೆಗೆ ಕೆಳಗಿನಿಂದ ಎಡಕ್ಕೆ ತಿರುಗಿಸಿದೆ. ಟೆರಿಯ ಲೆಕ್ಕದಲ್ಲಿ ಅದು "ಕೆಳಗಿನಿಂದ ಹಿಂದಕ್ಕೆ". ಹಾಗೆ ತಿರುಗಿಸಿದರೆ ಬರುವುದು ಕ್ರ್ಯಾಕ್ ಶೂಟ್, ಅಂದರೆ ಪಲ್ಟಿ ಹೊಡೆದು ಒದೆಯುವ ಹೊಡೆತ. ಅದು ಅವನು ನೋಡುತ್ತಿರುವ ದಿಕ್ಕಿಗೆ, ಅಂದರೆ ಬಲಕ್ಕೆ ಹಾರಿಸುತ್ತದೆ. ಬಲಕ್ಕೆ ಅಂಚು. ನಾನು ಎರಡು ದಿನ ನೋಡಿದ್ದು ಇದನ್ನೇ. ಲ್ಯಾಗ್ ಅಲ್ಲ, ಸ್ಟಿಕ್ ಅಲ್ಲ. ಆಟ ನಾನು ಹೇಳಿದ್ದನ್ನೇ ಚಾಚೂ ತಪ್ಪದೆ ಮಾಡುತ್ತಿತ್ತು.

ನಾಲ್ಕು ಜನ ಅಂತ ಟೂರ್ನಿಯ ನಿಯಮದಲ್ಲೇ ಬರೆದಿತ್ತು. ಓದಿದ್ದೆ. ಆದರೆ ಅದನ್ನು ಗದ್ದಲ ಜಾಸ್ತಿ ಇರುತ್ತದೆ ಅನ್ನುವಷ್ಟೇ ಅರ್ಥದಲ್ಲಿ ಓದಿದ್ದೆ. ನನ್ನ ಪಾತ್ರವೇ ಬೇರೆಯಾಗುತ್ತದೆ ಅಂತ ಹೊಳೆಯಲಿಲ್ಲ. ಸ್ಟ್ಯಾಮಿನಾ ಅನ್ನುವ ಒಂದು ಪದ ಥೀಮ್‌ನ ಹೆಸರಿನಂತೆ ದೊಡ್ಡದಾಗಿ ಕಂಡಿತು, ಎಲ್ಲ ತಯಾರಿ ಅದರ ಸುತ್ತ ಆಯಿತು. ಪಂದ್ಯದಲ್ಲಿ ಎಷ್ಟು ಜನ ಅನ್ನುವುದಕ್ಕೆ ಒಂದು ಗಂಟೆಯನ್ನೂ ಕೊಡಲಿಲ್ಲ. ನನಗೆ ಟೂರ್ನಿ ತಪ್ಪಿಸಿದ್ದು ಅದು.

ಈಗ ನಿಮ್ಮ ಪ್ರಶ್ನೆಗೆ. ಸ್ಟೀವ್ ಬೇಡ. ಮೂರು ದಿನ ಸಾಲದು ಅನ್ನುವ ಕಾರಣಕ್ಕಲ್ಲ. ಟಿಯರ್ ಲಿಸ್ಟ್ ನೋಡಿ ಥೀಮ್ ಟೂರ್ನಿಗೆ ಪಾತ್ರ ಆರಿಸುವ ಯೋಚನೆಯೇ ನನಗೆ ಒಪ್ಪಿಗೆಯಿಲ್ಲ. ಆ ಲಿಸ್ಟ್‌ಗಳೆಲ್ಲ ಒಬ್ಬರಿಗೊಬ್ಬರು, ಐಟಂ ಇಲ್ಲದೆ, ಸರಳವಾದ ಸ್ಟೇಜ್‌ನಲ್ಲಿ, ಸ್ಟಾಕ್ ನಿಯಮದಲ್ಲಿ (ಒಬ್ಬೊಬ್ಬರಿಗೆ ಇಷ್ಟೇ ಜೀವ) ಆಡುವ ಪಂದ್ಯಗಳಿಗೆ ಮಾಡಿದ್ದು. ಫೈಟಿಂಗ್ ಆಟಗಳ ದೊಡ್ಡ ಟೂರ್ನಿ ಈವೊ 2019ರಲ್ಲಿ ಮೆಕ್ಸಿಕೋದ ಆಟಗಾರ ಎಂಕೆಲಿಯೋ ಜೋಕರ್ ಪಾತ್ರ ಹಿಡಿದು ಗೆದ್ದ ಪಂದ್ಯಗಳು ಆ ಥರದವು. ನಿಮ್ಮ ಟೂರ್ನಿಯಲ್ಲಿ ಅದರಲ್ಲಿ ಯಾವುದೂ ಇಲ್ಲ.

ಸ್ಟೀವ್‌ನ ಶಕ್ತಿ ಎಲ್ಲಿಂದ ಬರುತ್ತದೆ ನೋಡಿ. ಅವನು ನೆಲ ಅಗೆದು ಮರ, ಕಲ್ಲು, ಕಬ್ಬಿಣ, ಚಿನ್ನ, ವಜ್ರ ಕೂಡಿಸಬೇಕು. ಕ್ರಾಫ್ಟಿಂಗ್ ಟೇಬಲ್ ಹತ್ತಿರ ನಿಂತು ಆಯುಧ ಮಾಡಿಕೊಳ್ಳಬೇಕು. ಬಳಸಿದಂತೆ ಆಯುಧ ಸವೆದು ಮುರಿಯುತ್ತದೆ, ಮತ್ತೆ ಮಾಡಬೇಕು. ಎದುರಿಗೆ ಒಬ್ಬನೇ ಇದ್ದರೆ ಅವನನ್ನು ಒಮ್ಮೆ ದೂರ ಎಸೆದು ಆ ಸಮಯ ಸಂಪಾದಿಸಬಹುದು. ಮೂವರಿದ್ದರೆ ಒಬ್ಬನನ್ನು ಎಸೆಯುವಷ್ಟರಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಅವರವರೇ ಹೊಡೆದಾಡುವಾಗ ಮೂಲೆಯಲ್ಲಿ ಅಗೆಯಬಹುದಲ್ಲ ಅಂತ ಕೆಲವರು ಹೇಳುತ್ತಾರೆ. ಸ್ಟೀವ್‌ನನ್ನು ಚೆನ್ನಾಗಿ ಆಡುವವರಿಗೆ ಅದು ಸರಿ. ಮೂರು ದಿನದ ಸ್ಟೀವ್‌ಗೆ ಅಲ್ಲ.

ಟೆರಿಯನ್ನೇ ಆಡಿ. ಆದರೆ ನಿಮಗೆ ಗೊತ್ತಿರುವ ಟೆರಿ ಅವನಲ್ಲ ಅಂತ ಒಪ್ಪಿಕೊಂಡು ಆಡಿ. ಇವತ್ತೇ ಸ್ಮ್ಯಾಶ್ ಮೋಡ್‌ಗೆ ಹೋಗಿ, ಮೂವರು ಕಂಪ್ಯೂಟರ್ ಎದುರಾಳಿಗಳನ್ನು ಹಾಕಿ, ಸ್ಟ್ಯಾಮಿನಾ ನಿಯಮ ಇಟ್ಟು, ಟೂರ್ನಿಯಲ್ಲಿ ಹೇಳಿರುವ ಐಟಂಗಳನ್ನೇ ಆನ್ ಮಾಡಿ. ಎದುರಾಳಿಗಳನ್ನು 9ನೇ ಲೆವೆಲ್‌ಗೆ ಇಡಬೇಡಿ. ಆ ಲೆವೆಲ್‌ನ ಕಂಪ್ಯೂಟರ್ ಮನುಷ್ಯರಂತೆ ಆಡುವುದಿಲ್ಲ, ಅದರಿಂದ ಕಲಿತದ್ದು ಆನ್‌ಲೈನ್‌ನಲ್ಲಿ ಉಪಯೋಗಕ್ಕೆ ಬರುವುದು ಕಮ್ಮಿ. ನಡುವಿನ ಲೆವೆಲ್ ಸಾಕು. ನಿಮಗೆ ಬೇಕಿರುವುದು ಗೆಲುವಲ್ಲ. ಸ್ಟಿಕ್ ತಿರುಗಿಸುವ ಮುಂಚೆ ಕಣ್ಣು ಟೆರಿಯ ಮುಖದ ಮೇಲೆ ಹೋಗಿ ಬರಬೇಕು, ಅಷ್ಟೇ. ಕಬಡ್ಡಿಯಲ್ಲಿ ರೈಡ್‌ಗೆ ಹೋದವನು ಎದುರಿನವನನ್ನು ನೋಡುತ್ತಲೇ ತನ್ನ ಬೆನ್ನು ಎತ್ತ ಇದೆ ಅಂತ ಮರೆಯುವುದಿಲ್ಲವಲ್ಲ, ಹಾಗೆ. ಬಾಯಿ ಬಿಟ್ಟು "ಬಲ, ಎಡ" ಅಂತ ಹೇಳುತ್ತಾ ಆಡಿ. ಪಕ್ಕದವರು ಏನಾದರೂ ಅಂದುಕೊಳ್ಳಲಿ. ನನಗೆ ಭಾನುವಾರ ಸಂಜೆ ಕೆಲಸ ಮಾಡಿದ್ದು ಇದೊಂದೇ. ಕೊನೆಯ ಕೆಲವು ಪಂದ್ಯಗಳಲ್ಲಿ ಬಸ್ಟರ್ ವುಲ್ಫ್ ಹೋಗಬೇಕಾದ ಕಡೆ ಹೋಯಿತು, ಒಂದೆರಡು ಸುತ್ತು ಮೇಲೂ ಹೋದೆ. ಅಷ್ಟರಲ್ಲಿ ಟೂರ್ನಿಯ ಸಮಯ ಮುಗಿಯಿತು.

ಸಂದೇಹ ಬಂದರೆ ಸೂಪರ್ ಬಿಟ್ಟುಬಿಡಿ. ಒಂದು ಹೆಜ್ಜೆ ಎದುರಾಳಿ ಕಡೆ ಇಟ್ಟು, ತಿರುಗಿದ್ದಾನೆ ಅಂತ ಖಾತ್ರಿ ಮಾಡಿಕೊಂಡು ಹೊಡೆಯಿರಿ. ಅಂಚಿಗೆ ಮುಖ ಮಾಡಿ ನಿಂತಾಗಲಂತೂ ಹಿಂದಿರುವವನಿಗೆ ಸ್ಟಿಕ್ ತಿರುಗಿಸಲೇಬೇಡಿ. ಇನ್ನೊಂದು ಸಣ್ಣ ವಿಷಯ, ಆದರೆ ನನಗೆ ಬೇಗ ಹೊಳೆದಿರಲಿಲ್ಲ. ಸೂಪರ್‌ಗೆ ಎ ಬಟನ್ ಒತ್ತುವ ಅಭ್ಯಾಸ ಇದ್ದರೆ ಬಿ ಬಟನ್‌ಗೆ ಬದಲಿಸಿಕೊಳ್ಳಿ. ಐಟಂ ಇರುವ ಪಂದ್ಯದಲ್ಲಿ ಕಾಲ ಬಳಿ ಏನಾದರೂ ಬಿದ್ದಿದ್ದರೆ ಎತ್ತಿಕೊಳ್ಳುವುದಕ್ಕೂ ಎ ಬಟನ್ನೇ. ಎದುರಾಳಿ ಮುಂದೆ ಬಗ್ಗಿ ಐಟಂ ಎತ್ತುತ್ತಾ ನಿಲ್ಲುವುದು ನಿಮಗೆ ಬೇಕಾಗಿಲ್ಲ.

"ಐಟಂ ಇದ್ದರೆ ಬರೀ ಅದೃಷ್ಟದಾಟ ಅಲ್ವಾ" ಅಂತಲೂ ಕೇಳಿದ್ದೀರಿ. ಅಲ್ಲ. ಈ ಮಾತು ನನಗೆ ಬೇಸರ ತರಿಸುತ್ತದೆ. ಐಟಂ ಎಲ್ಲಿ ಬೀಳುತ್ತದೆ ಅನ್ನುವುದು ಮಾತ್ರ ಅದೃಷ್ಟ. ಅದು ಬಿದ್ದಾಗ ನೀವು ಎಲ್ಲಿ ನಿಂತಿದ್ದೀರಿ, ಯಾವುದಕ್ಕೆ ಓಡಬೇಕು, ಯಾವುದನ್ನು ಬಿಡಬೇಕು, ಎತ್ತಿಕೊಂಡವನಿಂದ ಹೇಗೆ ತಪ್ಪಿಸಿಕೊಳ್ಳಬೇಕು, ಇವೆಲ್ಲ ಕಲಿತು ಬರುವುದು. ಮ್ಯಾಕ್ಸಿಮ್ ಟೊಮೆಟೊ ಅನ್ನುವ ಐಟಂ 50ರಷ್ಟು ಗುಣಪಡಿಸುತ್ತದೆ. ಸ್ಟ್ಯಾಮಿನಾದಲ್ಲಿ ಅದು ಅರ್ಧ ಪಂದ್ಯವನ್ನೇ ತಿರುಗಿಸಬಹುದು. ಟೆರಿಗೆ ಅಲ್ಲಿ ಒಂದು ವಿಚಿತ್ರ ಲೆಕ್ಕವೂ ಇದೆ. ಎಚ್‌ಪಿ ಇಳಿದಿದ್ದಾಗಲೇ ಅವನಿಗೆ ಸೂಪರ್ ಇರುವುದು, ಟೊಮೆಟೊ ತಿಂದರೆ ಎಚ್‌ಪಿ ಮೇಲೇರುತ್ತದೆ. ತಿನ್ನುವುದಾ, ಬಿಡುವುದಾ? ನನ್ನ ಅಭಿಪ್ರಾಯ: ತಿನ್ನಿ. ಸೂಪರ್ ಮತ್ತೆ ಬರುತ್ತದೆ. ಕನಿಷ್ಠ ಬೇರೆಯವರ ಬಾಯಿಗೆ ಹೋಗದ ಹಾಗಾದರೂ ನೋಡಿಕೊಳ್ಳಿ.

ಟೆರಿ ಒಗ್ಗಲೇ ಇಲ್ಲ ಅಂದರೆ, ಸುತ್ತಲೂ ಹೊಡೆಯುವ ಪಾತ್ರ ಹಿಡಿಯಿರಿ. ಲಿಂಕ್‌ನ ಸ್ಪಿನ್ ಅಟ್ಯಾಕ್‌ಗೆ ಮುಂದೆ ಹಿಂದೆ ಎಂಬುದಿಲ್ಲ, ಎರಡೂ ಕಡೆ ತಾಗುತ್ತದೆ. ನಾಲ್ಕು ಜನರ ನಡುವೆ ಅದಕ್ಕಿರುವ ಬೆಲೆ ಯಾವ ಟಿಯರ್ ಲಿಸ್ಟ್‌ನಲ್ಲೂ ಕಾಣುವುದಿಲ್ಲ.

ನೆಟ್ ವಿಷಯವನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಸುಮ್ನೆ ಬೈದು ಕಾಲ ಕಳೆದೆ. ಈ ಆಟದ ಆನ್‌ಲೈನ್ ಪಂದ್ಯದಲ್ಲಿ ಆಟಗಾರರ ಕನ್ಸೋಲ್‌ಗಳು ನೇರವಾಗಿ ಒಂದಕ್ಕೊಂದು ಮಾತಾಡುತ್ತವೆ. ನೀವು ಒತ್ತಿದ್ದು ಎಲ್ಲರಿಗೂ ತಲುಪುವವರೆಗೆ ಆಟ ಸ್ವಲ್ಪ ತಡ ಮಾಡುತ್ತದೆ. ನಾಲ್ವರಲ್ಲಿ ಒಬ್ಬರ ಸಂಪರ್ಕ ಕೆಟ್ಟಿದ್ದರೂ ಎಲ್ಲರಿಗೂ ತೊಂದರೆ. ಆ ಒಬ್ಬರು ನೀವಾಗಬೇಡಿ. ನಿಮ್ಮ ಸ್ವಿಚ್ ಕನ್ಸೋಲ್ ಒಎಲ್‌ಇಡಿ ಮಾಡೆಲ್ ಆದರೆ ಅದನ್ನು ಟಿವಿಗೆ ಜೋಡಿಸುವ ಡಾಕ್‌ನಲ್ಲೇ ಲ್ಯಾನ್ ಕೇಬಲ್‌ಗೆ ಜಾಗ ಇದೆ. ಹಳೆಯ ಮಾಡೆಲ್ ಆದರೆ ಅಡಾಪ್ಟರ್ ಬೇರೆ ಕೊಳ್ಳಬೇಕು. ಶಿಕ್ಷಣ ಸಾಲದಲ್ಲಿ ಓದುತ್ತಿದ್ದೇನೆ ಅಂತ ಬರೆದಿದ್ದೀರಿ, ಹೊಸದೇ ಬೇಕೆಂದಿಲ್ಲ. ಕ್ಯಾಂಪಸ್‌ನಲ್ಲಿ ಸ್ಮ್ಯಾಶ್ ಕ್ಲಬ್ ಇದ್ದರೆ ಒಂದು ವಾರಾಂತ್ಯಕ್ಕೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಹೋದಾಗ ಅವರಲ್ಲಿ ಮೂವರನ್ನು ಕೂರಿಸಿಕೊಂಡು ನಾಲ್ವರ ಪಂದ್ಯ ಆಡಿ ಬನ್ನಿ, ಕಂಪ್ಯೂಟರ್‌ಗಿಂತ ಬೇಗ ಕಲಿಯುತ್ತೀರಿ.