ಪೈಥಾನ್‌ನಲ್ಲಿ 2.675 ಅನ್ನು ಎರಡು ದಶಮಾಂಶ ಸ್ಥಾನಕ್ಕೆ ರೌಂಡ್ ಮಾಡಿದರೆ 2.68 ಬದಲು 2.67 ಯಾಕೆ ಬರುತ್ತದೆ?

ತಪ್ಪು ರೌಂಡ್ ಫಂಕ್ಷನ್‌ನದ್ದಲ್ಲ. ಫ್ಲೋಟ್ ಸಂಖ್ಯೆಗಳು (ದಶಮಾಂಶ ಬಿಂದು ಇರುವವು) ಬೈನರಿಯಲ್ಲಿ, ಅಂದರೆ ಬರೀ 0 ಮತ್ತು 1ರಲ್ಲಿ, 53 ಬಿಟ್‌ಗಳ ನಿಖರತೆಯಲ್ಲಿ ಕೂರುತ್ತವೆ. 2.675 ಅದರಲ್ಲಿ ಸರಿಯಾಗಿ ಹಿಡಿಸುವುದಿಲ್ಲ. ಅದಕ್ಕೆ ತೀರಾ ಹತ್ತಿರ ಸಿಗುವುದು 2.67499999999999982... ಅಂದರೆ 2.67 ಮತ್ತು 2.68ರ ನಟ್ಟನಡುವಿಗಿಂತ ಕೂದಲೆಳೆಯಷ್ಟು ಕಡಿಮೆ. ಹಾಗಾಗಿ 2.67 ಬರುವುದೇ ಸರಿ. ಪ್ರಿಂಟ್ ಮಾಡಿದಾಗ ಮಾತ್ರ 2.675 ಎಂದೇ ಕಾಣುತ್ತದೆ, ನಾವು ಮೋಸ ಹೋಗುವುದು ಅಲ್ಲೇ.

ಎರಡೇ ದಶಮಾಂಶ ತೋರಿಸುವ ".2f" ಫಾರ್ಮ್ಯಾಟ್ ಹಾಕಿದರೂ ಉತ್ತರ 2.67. ಅಲ್ಲದೆ ಅದು ಕೊಡುವುದು ಸ್ಟ್ರಿಂಗ್ (ಬರೀ ಪಠ್ಯ), ಸಂಖ್ಯೆಯಲ್ಲ. ತೋರಿಸಲಿಕ್ಕೆ ಸಾಕು, ಮುಂದಿನ ಲೆಕ್ಕಕ್ಕೆ ಬೇಡ.

ಹಣದ ಲೆಕ್ಕವಾದರೆ ಸಂಖ್ಯೆಯನ್ನು ದಶಮಾಂಶದಲ್ಲೇ ಇಡುವ, ಪೈಥಾನ್ ಜೊತೆಗೇ ಬರುವ ಡೆಸಿಮಲ್ (decimal) ಮಾಡ್ಯೂಲ್ ಬಳಸಿ. ಒಂದೇ ಎಚ್ಚರ: ಸಂಖ್ಯೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು, ಸ್ಟ್ರಿಂಗ್ ಆಗಿಯೇ ಕೊಡಿ. ಫ್ಲೋಟ್ ಕೊಟ್ಟರೆ ಹಳೆಯ ದೋಷವೂ ಜೊತೆಗೇ ಬರುತ್ತದೆ (ಬಹಳ ಜನ ಎಡವುವುದು ಇಲ್ಲೇ). ಆಮೇಲೆ 0.01ಕ್ಕೆ ಕ್ವಾಂಟೈಸ್ (quantize) ಮಾಡಿದರೆ, ಅಂದರೆ ಎರಡು ದಶಮಾಂಶಕ್ಕೆ ರೌಂಡ್ ಮಾಡಿದರೆ, 2.68 ಸಿಗುತ್ತದೆ.