ಡಬ್ಬಿ ಮೇಲಿನ ಅಂಕಿ, ಜೇಬಿನೊಳಗಿನ ಮರಳು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹೊಸ ಫೋನಿನ ಮೈಗಾವಲಿನ ಬಗ್ಗೆಯೇ. ಕವರ್, ಗ್ಲಾಸ್, ಚಾರ್ಜರ್, ಪವರ್ ಬ್ಯಾಂಕ್. ಎಲ್ಲವನ್ನೂ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಬರೆದವರಲ್ಲಿ ಹೆಚ್ಚಿನವರು ಡಬ್ಬಿ ಮೇಲೆ ಅಚ್ಚಾದ ಯಾವುದೋ ಒಂದು ಅಂಕಿಯನ್ನು ನಂಬಿ ಬೇಸ್ತು ಬಿದ್ದವರು. ಅಂಕಿಗಳೇನೂ ಸುಳ್ಳಲ್ಲ. ಅವು ಹೇಳುವುದೇ ಬೇರೆ, ನಮಗೆ ಕೇಳಿಸುವುದೇ ಬೇರೆ, ಅಷ್ಟೇ.

ಪ್ರಶ್ನೆ: ಹೊಸ ಫೋನಿಗೆ 9ಎಚ್ ಟೆಂಪರ್ಡ್ ಗ್ಲಾಸ್ ಹಾಕಿಸಿದೆ. ವಜ್ರದ ನಂತರ ಇದೇ ಗಟ್ಟಿ ಅಂದರು. ಮೂರೇ ವಾರಕ್ಕೆ ನಡುಮಧ್ಯೆ ಗೀರು. ಮೋಸ ಹೋದೆನಾ ಸರ್?

ಮೋಸ ಅಲ್ಲ, ಮೋಸ್! ತಮಾಷೆ ಅಲ್ಲ, ವಿಷಯವೇ ಅದು. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜ ವಿಜ್ಞಾನಿ 1812ರಲ್ಲಿ ಒಂದು ಅಳತೆ ಮಾಡಿದ. ಯಾವ ಕಲ್ಲು ಯಾವುದರ ಮೇಲೆ ಗೀರು ಮೂಡಿಸುತ್ತದೆ ಅನ್ನುವ ಲೆಕ್ಕ. ಅದರಲ್ಲಿ ವಜ್ರಕ್ಕೆ 10, ಮಾಣಿಕ್ಯ ಮತ್ತು ನೀಲಕ್ಕೆ 9. ನಿಮಗೆ ಹೇಳಿದವರು ಈ 9 ಮತ್ತು ಡಬ್ಬಿ ಮೇಲಿನ 9 ಒಂದೇ ಅಂದುಕೊಂಡಿದ್ದಾರೆ. ಡಬ್ಬಿ ಮೇಲಿನ 9ಎಚ್ ಪೆನ್ಸಿಲ್ ಅಳತೆ. ಹೌದು, ಬರೆಯೋ ಪೆನ್ಸಿಲ್ಲೇ. ಎಚ್‌ಬಿ ಪೆನ್ಸಿಲ್ ಗೊತ್ತಲ್ವಾ, ಅದರ ಆ ಕಡೆ ಮೆತ್ತಗಿನ ಬಿ ಪೆನ್ಸಿಲ್‌ಗಳು, ಈ ಕಡೆ ಗಟ್ಟಿ ಎಚ್ ಪೆನ್ಸಿಲ್‌ಗಳು, ಆ ಸಾಲಿನ ತುದಿಯಲ್ಲಿ ಕೂತಿರೋದು 9ಎಚ್. ಆ ಪೆನ್ಸಿಲ್ಲನ್ನು 45 ಡಿಗ್ರಿ ಓರೆ ಹಿಡಿದು, 750 ಗ್ರಾಂ ಭಾರ ಹಾಕಿ ಎಳೆದಾಗ ಗೀರು ಬೀಳದಿದ್ದರೆ ಪಾಸು. ಕಿಟಕಿಯ ಗಾಜು ಕೂಡ ಈ ಪರೀಕ್ಷೆ ಪಾಸಾಗುತ್ತದೆ.

ಮೋಸ್ ಅಳತೆಯಲ್ಲಿ ಫೋನಿನ ಗಾಜು ಸುಮಾರು 6ರ ಆಸುಪಾಸು. ನಾಣ್ಯ ಇದಕ್ಕಿಂತ ಮೆತ್ತಗೆ, ಕೀಲಿಕೈ ಕೂಡ ಹೆಚ್ಚುಕಡಿಮೆ ಹಾಗೇ. ಹಾಗಾಗಿ ಎಲ್ಲರೂ ಬೈಯುವ ಕೀಲಿಕೈ ಇಲ್ಲಿ ಅಂಥಾ ಕಳ್ಳನೇನಲ್ಲ. ಕಳ್ಳ ಮರಳು. ಮರಳಿನಲ್ಲಿ ಜಾಸ್ತಿ ಇರೋದು ಕ್ವಾರ್ಟ್ಜ್, ಅದರ ಗಟ್ಟಿತನ 7. ನಿಮ್ಮ ಜೇಬನ್ನು ಒಮ್ಮೆ ಒಳಮೈ ಹೊರಕ್ಕೆ ಮಾಡಿ ನೋಡಿ. ಹೊಲಿಗೆಯ ಮೂಲೆಯಲ್ಲಿ ನೂಲಿನ ಉಂಡೆ, ಅದರಲ್ಲಿ ಸಿಕ್ಕಿಕೊಂಡ ನಾಲ್ಕು ಕಾಳು ಮರಳು. ಆ ಗೀರು ಬಂದದ್ದು ಬಹುಶಃ ಅಲ್ಲಿಂದಲೇ. ಬೀಳೋ ಗೀರು ಈ ಗ್ಲಾಸಿನ ಮೇಲೆ ಬೀಳಲಿ, ಕೆಳಗಿನ ಅಸಲಿ ಗಾಜಿನ ಮೇಲೆ ಬೇಡ ಅಂತ ತಾನೇ ಹಾಕಿಸಿದ್ದು? ಬಿದ್ದಿದೆ. ಬದಲಾಯಿಸಿ.

ಪ್ರಶ್ನೆ: ಮಿಲಿಟರಿ ಗ್ರೇಡ್ ಕವರ್ ಹಾಕಿದ್ದೆ. ಮೆಟ್ಟಿಲ ಮೇಲೆ ಒಂದೇ ಸಲ ಬಿದ್ದದ್ದು, ಸ್ಕ್ರೀನ್ ಜೇಡರ ಬಲೆ ಆಯಿತು. ಸೈನ್ಯದವರು ಇದನ್ನೇ ಬಳಸುತ್ತಾರಾ?

ಕವರಿನ ಮೇಲೆ ಬರೆದಿರೋದು ಅಮೆರಿಕದ ರಕ್ಷಣಾ ಇಲಾಖೆಯ ಎಂಐಎಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ಪುಸ್ತಕದ ಹೆಸರು. ಅದರಲ್ಲಿ ಬೀಳಿಸುವ ಪರೀಕ್ಷೆ ಒಂದಿದೆ. 122 ಸೆಂಟಿಮೀಟರ್ ಎತ್ತರ, ಅಂದರೆ 4 ಅಡಿ. ಒಟ್ಟು 26 ಸಲ ಬೀಳಿಸಬೇಕು: 6 ಮುಖ, 12 ಅಂಚು, 8 ಮೂಲೆ. ಕೇಳೋದಕ್ಕೆ ಭರ್ಜರಿಯಾಗಿದೆ. ಆದರೆ ಆ 26 ಪೆಟ್ಟನ್ನು 5 ಪೀಸ್‌ಗಳಿಗೆ ಹಂಚಿಕೊಳ್ಳಲು ಅವಕಾಶ ಇದೆ. ಬೀಳೋದು ಕಾಂಕ್ರೀಟಿನ ಮೇಲೆ ಹಾಸಿದ 2 ಇಂಚಿನ ಪ್ಲೈವುಡ್ ಹಲಗೆ ಮೇಲೆ. ಮೆಟ್ಟಿಲಿನ ಅಂಚು, ಜಲ್ಲಿಕಲ್ಲು ಆ ಪರೀಕ್ಷೆಯಲ್ಲಿ ಇಲ್ಲವೇ ಇಲ್ಲ. ಇನ್ನೊಂದು, ಪಾಸಾಯಿತು ಅಂತ ಮೂರನೆಯವರು ಯಾರೂ ಸರ್ಟಿಫಿಕೇಟ್ ಕೊಡಲೇಬೇಕು ಅಂತಿಲ್ಲ, ತಯಾರಿಸಿದವರೇ ಪರೀಕ್ಷೆ ಮಾಡಿಕೊಂಡು ತಾವೇ ಅಚ್ಚು ಹಾಕಿಸಬಹುದು. ಪರೀಕ್ಷೆ ಬರೆದ ಹುಡುಗನೇ ಪೇಪರ್ ತಿದ್ದಿದ ಹಾಗೆ.

ಹಾಗಾದರೆ ಕವರ್ ಕೊಳ್ಳುವಾಗ ಏನು ನೋಡಬೇಕು? ಎರಡೇ. ಒಂದು, ಮೂಲೆ. ಫೋನ್ ಚಪ್ಪಟೆಯಾಗಿ ಬೀಳೋದು ಅಪರೂಪ, ಹೆಚ್ಚಾಗಿ ಮೂಲೆಯೇ ಮೊದಲು ನೆಲಕ್ಕೆ ತಾಗುತ್ತದೆ. ಅಲ್ಲಿ ರಬ್ಬರಿನ ಹಾಗೆ ಒತ್ತಿದರೆ ತಗ್ಗುವ ದಪ್ಪ ಇರಬೇಕು, ಅಥವಾ ಒಳಗೆ ಗಾಳಿಯ ಪೊಳ್ಳು ಇರಬೇಕು. ಪೂರ್ತಿ ಗಟ್ಟಿ ಪ್ಲಾಸ್ಟಿಕ್ ಆದರೆ ಪೆಟ್ಟು ನೇರ ಫೋನಿಗೆ ದಾಟುತ್ತದೆ. ಎರಡು, ಮುಂದಿನ ಅಂಚು. ಕವರ್ ಹಾಕಿ, ಗ್ಲಾಸೂ ಅಂಟಿಸಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ. ಈಗ ಒಂದು ಕಾಗದದ ಚೂರನ್ನು ಅಂಚಿನ ಕೆಳಗಿಂದ ತೂರಿಸಿ ನೋಡಿ. ಎಲ್ಲೂ ಸುಲಭವಾಗಿ ತೂರದೆ ಅಂಚೇ ಮೇಜಿಗೆ ಕಚ್ಚಿಕೊಂಡು ನಿಂತಿದ್ದರೆ ಒಳ್ಳೆಯದು. ಗ್ಲಾಸೇ ಮೇಜಿಗೆ ತಾಗಿ ಅಂಚು ಮೇಲೆದ್ದಿದ್ದರೆ, ನೀವು ಹಾಕಿದ ಗ್ಲಾಸಿನ ದಪ್ಪ ಕವರಿನ ಅಂಚನ್ನು ನುಂಗಿಹಾಕಿದೆ. ಕವರ್, ಗ್ಲಾಸ್ ಬೇರೆ ಬೇರೆ ಕಡೆ ಕೊಂಡವರಿಗೆ ಇದು ಆಗ್ತಾನೇ ಇರುತ್ತದೆ. ಪಾರದರ್ಶಕ ಕವರ್ ಎಷ್ಟೇ ಚಂದ ಇರಲಿ, ಈ ಎರಡು ಇಲ್ಲದಿದ್ದರೆ ಅದು ಬರೀ ಅಂಗಿ.

ಪ್ರಶ್ನೆ: ಪಾರದರ್ಶಕ ಕವರ್ ಆರೇ ತಿಂಗಳಿಗೆ ಹಳದಿ. ಟೂತ್‌ಪೇಸ್ಟ್ ಹಾಕಿ ಉಜ್ಜಿದೆ, ಸೋಡಾಪುಡಿಯಲ್ಲಿ ನೆನೆಸಿದೆ. ಹೋಗುತ್ತಿಲ್ಲ ಮೇಡಂ.

ಮೇಡಂ ಅಲ್ಲ, ಪರವಾಗಿಲ್ಲ ಬಿಡಿ. ಅದು ಕೊಳೆ ಆಗಿದ್ದರೆ ತಾನೇ ಹೋಗೋದು. ಆ ಮೆತ್ತನೆ ಕವರ್ ಮಾಡಿರೋದು ಟಿಪಿಯು ಅನ್ನುವ ಪ್ಲಾಸ್ಟಿಕ್‌ನಲ್ಲಿ. ಬಿಸಿಲಿನ ನೇರಳಾತೀತ ಕಿರಣ, ಬಿಸಿ, ಕೈಬೆವರು ಸೇರಿ ಪ್ಲಾಸ್ಟಿಕ್ಕೇ ಒಳಗಿಂದ ಬಣ್ಣ ಬದಲಿಸಿದೆ. ಮೇಲಿನ ಎಣ್ಣೆ ಜಿಡ್ಡು ಸೋಪಿನ ನೀರಿಗೆ ಹೋಗುತ್ತದೆ, ಒಳಗಿನ ಹಳದಿ ಹೋಗೋದಿಲ್ಲ. ಪಾಲಿಕಾರ್ಬೊನೇಟ್ ಬೆನ್ನಿನ ಕವರ್ ಇನ್ನಷ್ಟು ದಿನ ತಿಳಿಯಾಗಿರುತ್ತದೆ, ಆದರೆ ಗಡುಸು, ಬಿದ್ದರೆ ಸೀಳುವುದುಂಟು. ಹಳದಿ ಕಂಡರಾಗದು ಅನ್ನೋರು ಬಣ್ಣದ ಕವರ್ ಹಾಕಿ.

ಉಜ್ಜುವ ಶ್ರಮವನ್ನು ಬೇರೆ ಕಡೆ ಹಾಕಿ. ವಾರಕ್ಕೊಮ್ಮೆ ಕವರ್ ಬಿಚ್ಚಿ ಒರೆಸಿ. ನಾನು ಒಂದು ಫೋನಿಗೆ ಕವರ್ ಹಾಕಿದವನು ವರ್ಷಪೂರ್ತಿ ಬಿಚ್ಚಲೇ ಇಲ್ಲ. ಮಾರೋಣ ಅಂತ ಬಿಚ್ಚಿದರೆ ಕ್ಯಾಮೆರಾ ಸುತ್ತ ಬೂದು ಬಣ್ಣದ ಉಂಗುರ, ಬೆರಳಿಟ್ಟರೆ ಕರಕರ. ಕವರ್ ಸಡಿಲ ಇತ್ತು, ಒಳಗೆ ಸೇರಿದ ಧೂಳು ಉಪ್ಪುಕಾಗದದ ಹಾಗೆ ವರ್ಷವಿಡೀ ತಿಕ್ಕಿ ಲೋಹದ ಅಂಚಿನ ಬಣ್ಣ ತಿಂದಿತ್ತು. ಕವರ್ ಇಲ್ಲದೆ ಇಟ್ಟಿದ್ದರೂ ಅಷ್ಟು ಹಾಳಾಗುತ್ತಿರಲಿಲ್ಲ.

ಪ್ರಶ್ನೆ: ನನ್ನದು ಅಂಚು ಬಾಗಿದ ಸ್ಕ್ರೀನ್. ಗೋಂದು ಸುರಿದು ಯುವಿ ಲೈಟ್‌ನಲ್ಲಿ ಒಣಗಿಸುವ ಗ್ಲಾಸ್ ಹಾಕಿಸಿದ ಮೇಲೆ ಬೆರಳಚ್ಚು ಓದುತ್ತಿಲ್ಲ, ಕರೆಯಲ್ಲಿ ಧ್ವನಿಯೂ ಸಣ್ಣಗಾಗಿದೆ.

ಧ್ವನಿಯದು ಗಂಭೀರ, ಮೊದಲು ಅದು. ಯುವಿ ಗೋಂದು ಒಣಗುವ ತನಕ ನೀರು. ಇಳಿಜಾರು ಕಂಡ ಕಡೆ ಹರಿಯುತ್ತದೆ. ಮೇಲಿನ ಸ್ಪೀಕರ್ ಜಾಲರಿ, ಬದಿಯ ಬಟನ್ ಸಂದಿ, ಎಲ್ಲೆಲ್ಲಿ ತೂತಿದೆಯೋ ಅಲ್ಲೆಲ್ಲ. ಹರಿದು ಒಳಗೆ ಹೋದ ಮೇಲೆ ಬೆಳಕು ಬಿಟ್ಟರೆ ಅಲ್ಲೇ ಕಲ್ಲಾಗುತ್ತದೆ. ಸೂಜಿ ಹಾಕಿ ಕೆರೆಯಬೇಡಿ, ಜಾಲರಿ ಹರಿದೀತು. ಸರ್ವಿಸ್‌ನವರಿಗೆ ತೋರಿಸಿ, ಯುವಿ ಗ್ಲಾಸ್ ಹಾಕಿಸಿದ್ದು ಅಂತ ಮುಚ್ಚಿಡದೆ ಹೇಳಿ. ಇನ್ನು ಮುಂದೆ ಹಾಕಿಸುವವರು ಗೋಂದು ಸುರಿಯುವ ಮುಂಚೆ ಸ್ಪೀಕರಿಗೂ ಬಟನ್‌ಗಳಿಗೂ ಟೇಪ್ ಅಂಟಿಸುತ್ತಾರಾ ಅಂತ ನೋಡಿ, ಇಲ್ಲದಿದ್ದರೆ ಫೋನ್ ವಾಪಸ್ ತೆಗೆದುಕೊಂಡು ಬನ್ನಿ.

ಬೆರಳಚ್ಚಿನ ವಿಷಯ. ಸ್ಕ್ರೀನ್ ಒಳಗಿನ ಸೆನ್ಸರ್ ಎರಡು ಬಗೆ. ಒಂದು ಬೆಳಕು ಬಿಟ್ಟು ಬೆರಳಿನ ಫೋಟೋ ತೆಗೆಯುತ್ತದೆ. ಬೆರಳಿಟ್ಟಾಗ ಆ ಜಾಗ ಫಳ್ ಅಂತ ಹೊಳೆದರೆ ನಿಮ್ಮದು ಇದು. ಇನ್ನೊಂದು ಕಿವಿಗೆ ಕೇಳದ ಶಬ್ದದ ಅಲೆ ಕಳಿಸಿ, ವಾಪಸ್ ಬಂದ ಅಲೆಯಿಂದ ಬೆರಳ ಗೆರೆ ಲೆಕ್ಕ ಹಾಕುತ್ತದೆ. ಈ ಎರಡನೆಯದಕ್ಕೆ ಗ್ಲಾಸಿಗೂ ಸ್ಕ್ರೀನಿಗೂ ನಡುವೆ ಒಂಚೂರು ಗಾಳಿ ಇದ್ದರೂ ಆಗದು, ಶಬ್ದ ಅಲ್ಲೇ ತಿರುಗಿಬಿಡುತ್ತದೆ. ಅಂಚಿಗೆ ಮಾತ್ರ ಗೋಂದು ಇರುವ ಗ್ಲಾಸ್‌ಗಳು ಇಲ್ಲಿ ಸೋಲುವುದು ಅದಕ್ಕೇ. ನಿಮ್ಮದು ಪೂರ್ತಿ ಗೋಂದಿನದು, ಹಾಗಾಗಿ ಆಸೆ ಇದೆ: ಹಳೆಯ ಬೆರಳಚ್ಚುಗಳನ್ನು ಅಳಿಸಿ, ಗ್ಲಾಸಿನ ಮೇಲಿಂದಲೇ ಹೊಸದಾಗಿ ಸೇರಿಸಿ. ಅದೇ ಬೆರಳನ್ನು ಎರಡು ಸಲ ಸೇರಿಸಿದರೆ ಇನ್ನೂ ಒಳ್ಳೆಯದು. ಸೆಟ್ಟಿಂಗ್ಸ್‌ನಲ್ಲಿ ಟಚ್ ಸೆನ್ಸಿಟಿವಿಟಿ ಅಂತ ಇದ್ದರೆ ಆನ್ ಮಾಡಿ. ಆಗಲೂ ಓದದಿದ್ದರೆ ಮೆತ್ತನೆಯ ಫಿಲ್ಮ್ ಹಾಕಿಸಿ. ಗೀರು ತಡೆಯುತ್ತದೆ, ಬಾಗಿದ ಅಂಚಿಗೆ ಅಂಟುತ್ತದೆ, ಬೆರಳನ್ನೂ ಓದಲು ಬಿಡುತ್ತದೆ. ಬಿದ್ದ ಪೆಟ್ಟಿಗೆ ಮಾತ್ರ ಅದನ್ನು ನಂಬಿ ಕೂರಬೇಡಿ.

ಪ್ರಶ್ನೆ: ಕ್ಯಾಮೆರಾ ಲೆನ್ಸ್‌ಗೂ ಗ್ಲಾಸ್ ಬೇಕಾ?

ಬೇಡ. ರಾತ್ರಿ ಬೀದಿದೀಪದ ಫೋಟೋ ತೆಗೆದು ನೋಡಿ, ಒಂದು ದೀಪಕ್ಕೆ ಎರಡು ದೀಪ. ಕ್ಯಾಮೆರಾಗಿಂತ ಒಂಚೂರು ಎತ್ತರದ ಅಂಚಿರುವ ಕವರ್ ಸಾಕು.

ಪ್ರಶ್ನೆ: ನನ್ನ ಪವರ್ ಬ್ಯಾಂಕ್ 20000 ಎಂಎಎಚ್, ಫೋನ್ 5000. ನಾಲ್ಕು ಸಲ ಚಾರ್ಜ್ ಆಗಬೇಕು ತಾನೇ? ಮೂರಕ್ಕೇ ಖಾಲಿ. ಅದಲ್ಲದೆ 65 ವ್ಯಾಟ್ ಚಾರ್ಜರ್ ತಂದರೂ ಫೋನ್ ನಿಧಾನ.

ನಾಲ್ಕು ಅನ್ನೋದು ಕಾಗದದ ಲೆಕ್ಕ. ಎಂಎಎಚ್ ಅನ್ನು ವೋಲ್ಟ್ ಜೊತೆ ಗುಣಿಸಿದರೆ ಮಾತ್ರ ಶಕ್ತಿ ಎಷ್ಟು ಅಂತ ಗೊತ್ತಾಗೋದು. ಒಳಗಿನ ಸೆಲ್ ಸಾಮಾನ್ಯವಾಗಿ 3.7 ವೋಲ್ಟ್, ಅಂದರೆ ನಿಮ್ಮದರಲ್ಲಿ 74 ವ್ಯಾಟ್-ಅವರ್ ಇದೆ. ಅದು 5 ವೋಲ್ಟ್ ಅಥವಾ ಅದಕ್ಕಿಂತ ಜಾಸ್ತಿಗೆ ಏರಿ, ಕೇಬಲ್ ದಾಟಿ, ಫೋನಿನೊಳಗೆ ಮತ್ತೆ ಇಳಿಯಬೇಕು. ಪ್ರತಿ ಏರಿಳಿತಕ್ಕೂ ಸುಂಕ. ಚಾರ್ಜ್ ಆಗುವಾಗ ಎರಡೂ ಬಿಸಿಯಾಗುತ್ತವಲ್ಲ, ಸುಂಕ ಹೋಗೋದು ಹಾಗೆ. ಮೂರು ಸಲ ತುಂಬಿತು ಅಂದರೆ ನಿಮ್ಮ ಪವರ್ ಬ್ಯಾಂಕ್ ಪ್ರಾಮಾಣಿಕ ಅಂತಲೇ ಲೆಕ್ಕ. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ರೇಟೆಡ್ ಕೆಪಾಸಿಟಿ, ಅಂದರೆ ನಿಜಕ್ಕೂ ಹೊರಗೆ ಸಿಗುವಷ್ಟು, ಅಂತ ಬರೆದಿರುತ್ತಾರೆ, ಕೊಳ್ಳುವಾಗ ಓದಬೇಕಾದ ಅಂಕಿ ಅದು. ಆ 74 ನೆನಪಿಟ್ಟುಕೊಳ್ಳಿ, ವಿಮಾನದಲ್ಲಿ ಕೇಳುತ್ತಾರೆ. ಸಾಮಾನ್ಯವಾಗಿ 100 ವ್ಯಾಟ್-ಅವರ್ ತನಕ ಬಿಡುತ್ತಾರೆ, ಅದೂ ಕೈಚೀಲದಲ್ಲಿ ಮಾತ್ರ.

ಚಾರ್ಜರಿನ ಕಥೆ ಬೇರೆ. 65 ವ್ಯಾಟ್ ಅನ್ನೋದು ಚಾರ್ಜರ್ ಕೊಡಬಲ್ಲದ್ದು. ಎಷ್ಟು ಬೇಕು ಅಂತ ಕೇಳೋದು ಫೋನ್. ಇಬ್ಬರಿಗೂ ಒಂದೇ ಭಾಷೆ ಬರಬೇಕು. ಯುಎಸ್‌ಬಿ ಪವರ್ ಡೆಲಿವರಿ ಎಲ್ಲರಿಗೂ ಸಾಮಾನ್ಯ ಭಾಷೆ. ಅದರಲ್ಲೇ ಪಿಪಿಎಸ್ ಅಂತ ಇನ್ನೊಂದು ಬಗೆ ಇದೆ, ವೋಲ್ಟೇಜನ್ನು ಸಣ್ಣ ಸಣ್ಣ ಹೆಜ್ಜೆಯಲ್ಲಿ ಬದಲಿಸುತ್ತದೆ. ಕೆಲವು ಫೋನ್‌ಗಳು ಅದಿದ್ದರೆ ಮಾತ್ರ ಪೂರ್ತಿ ವೇಗಕ್ಕೆ ಹೋಗುತ್ತವೆ. ಇನ್ನು ಕೆಲವು ಕಂಪನಿಗಳದ್ದು ಮನೆಮಾತು, ಬೇರೆಯವರ ಚಾರ್ಜರಿಗೆ ಅರ್ಥವಾಗದು. ಆಗ ಇಬ್ಬರೂ ಗೊತ್ತಿರುವ ನಾಲ್ಕು ಮಾತಿನಲ್ಲಿ ಕೆಲಸ ಸಾಗಿಸುತ್ತಾರೆ, ನಿಧಾನವಾಗಿ. ಫೋನೇನೂ ಹಾಳಾಗೋದಿಲ್ಲ. ಕೇಬಲ್ಲನ್ನೂ ಒಮ್ಮೆ ಬದಲಿಸಿ ನೋಡಿ. ಎರಡೂ ತುದಿ ಟೈಪ್-ಸಿ ಇರುವ ಮಾಮೂಲಿ ಕೇಬಲ್ 60 ವ್ಯಾಟ್ ತನಕ, ಅದರ ಮೇಲೆ ಬೇಕೆಂದರೆ ಒಳಗೆ ಚಿಪ್ ಇರುವ 5 ಆಂಪಿಯರ್ ಕೇಬಲ್ಲೇ ಬೇಕು.

ಪ್ರಶ್ನೆ: ಐಪಿ68 ಫೋನ್. ಹಾಗಾದರೆ ಈಜುವಾಗ ಒಯ್ಯಬಹುದು ಅಲ್ವಾ?

ಒಯ್ಯಬೇಡಿ. ಐಪಿ68 ಅನ್ನೋದು ಧೂಳು, ನೀರು ಒಳಗೆ ಹೋಗದಂತೆ ಫೋನ್ ಎಷ್ಟು ತಡೆಯುತ್ತದೆ ಅನ್ನುವ ಪರೀಕ್ಷೆಯ ಅಂಕಿ. ಆ ಪರೀಕ್ಷೆ ಮಾಡೋದು ಹೊಸ ಫೋನನ್ನು ನಿಂತ ಸಿಹಿನೀರಿನಲ್ಲಿ ಮುಳುಗಿಸಿ. ಕೊಳದ ಕ್ಲೋರಿನ್, ಸಮುದ್ರದ ಉಪ್ಪು, ಸೋಪು, ಬಿಸಿ ಹಬೆ ಆ ಲೆಕ್ಕದಲ್ಲಿ ಇಲ್ಲ. ಒಮ್ಮೆ ಬಿದ್ದ ಫೋನಿನ ಒಳಗಿನ ರಬ್ಬರ್ ಸೀಲ್ ಮೊದಲಿನ ಹಾಗೆ ಇರೋದೂ ಇಲ್ಲ. ಒದ್ದೆಯಾದರೆ ಕವರ್ ಬಿಚ್ಚಿ ಒರೆಸಿ, ಚಾರ್ಜಿಂಗ್ ತೂತು ಕೆಳಗೆ ಮಾಡಿ ಗಾಳಿಗಿಡಿ, ಒಣಗುವ ತನಕ ಕೇಬಲ್ ಚುಚ್ಚಬೇಡಿ. ಅಕ್ಕಿ ಡಬ್ಬದಲ್ಲಿ ಹೂಳುವುದು ಬೇಡ, ಅಕ್ಕಿಯ ಪುಡಿ ಅದೇ ತೂತಿಗೆ ಸೇರುತ್ತದೆ.

ಪ್ರಶ್ನೆ: ಬೆನ್ನಿಗೆ ಮ್ಯಾಗ್ನೆಟ್ ಉಂಗುರ ಇರುವ ಕವರ್ ಕೊಂಡೆ. ಬೈಕ್ ಹ್ಯಾಂಡಲ್‌ಗೂ ಅದೇ ಮ್ಯಾಗ್ನೆಟ್ ಸ್ಟ್ಯಾಂಡ್. ಮನೆಯಲ್ಲಿ ಅಪ್ಪ ಈ ಫೋನನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಅವರಿಗೆ ಪೇಸ್‌ಮೇಕರ್ ಇದೆ.

ಬೈಕ್ ಆಮೇಲೆ. ಮೊದಲು ಅಪ್ಪನ ಜೇಬಿನಿಂದ ಫೋನ್ ತೆಗೆಸಿ. ಇವತ್ತೇ. ಬಲವಾದ ಮ್ಯಾಗ್ನೆಟ್ ಹತ್ತಿರ ಬಂದರೆ ಪೇಸ್‌ಮೇಕರ್ ತನ್ನ ಮಾಮೂಲಿ ಕೆಲಸದ ರೀತಿ ಬದಲಿಸಬಹುದು. ಆಸ್ಪತ್ರೆಯಲ್ಲಿ ಡಾಕ್ಟರ್‌ಗಳೇ ಪರೀಕ್ಷೆಗೆ ಬೇಕಾದಾಗ ಮ್ಯಾಗ್ನೆಟ್ ಇಟ್ಟು ಹಾಗೆ ಮಾಡುತ್ತಾರೆ. ಆಪಲ್ ಕಂಪನಿ ತನ್ನ ಮ್ಯಾಗ್ನೆಟ್ ಫೋನ್‌ಗಳಿಗೆ ಹೇಳಿರುವ ದೂರ 15 ಸೆಂಟಿಮೀಟರ್‌ಗಿಂತ ಜಾಸ್ತಿ, ವೈರ್‌ಲೆಸ್ ಚಾರ್ಜ್ ಆಗುತ್ತಿದ್ದರೆ 30ಕ್ಕಿಂತ ಜಾಸ್ತಿ. ಅಂಗಿ ಜೇಬು ಅಂದರೆ ಪೇಸ್‌ಮೇಕರಿನ ಪಕ್ಕದ ಮನೆ. ಅಪ್ಪ ಎತ್ತಿಕೊಳ್ಳುವ ಫೋನಿಗೆ ಮ್ಯಾಗ್ನೆಟ್ ಇಲ್ಲದ ಕವರ್ ಹಾಕಿ, ಫೋನಿನ ಒಳಗೇ ಮ್ಯಾಗ್ನೆಟ್ ಇದೆಯಾ ನೋಡಿ, ಪೇಸ್‌ಮೇಕರ್ ಹಾಕಿದ ಡಾಕ್ಟರನ್ನೂ ಒಂದು ಮಾತು ಕೇಳಿ.

ಈಗ ಬೈಕ್. ಒಳ್ಳೆಯ ಫೋನ್ ಕ್ಯಾಮೆರಾಗಳಲ್ಲಿ ಲೆನ್ಸ್ ಅಥವಾ ಸೆನ್ಸರ್ ತೇಲುವ ಹಾಗೆ ಇರುತ್ತದೆ, ಕೈ ನಡುಗಿದರೂ ಚಿತ್ರ ಅಲುಗದಿರಲಿ ಅಂತ. ದೊಡ್ಡ ಎಂಜಿನಿನ ನಡುಕ ಹ್ಯಾಂಡಲ್ ಮೂಲಕ ದಿನಾ ಅದಕ್ಕೆ ತಾಗುತ್ತಿದ್ದರೆ ಆ ತೇಲುವ ಭಾಗ ಕೆಡಬಹುದು, ಫೋಟೋ ಮಂಜಾಗಬಹುದು. ನಡುಕ ಹೀರುವ ರಬ್ಬರ್ ಇರುವ ಸ್ಟ್ಯಾಂಡ್ ಹಾಕಿ, ದಿನಾ ಹೋಗುವ ದಾರಿಗೆ ಅದೂ ಬೇಡ, ಫೋನ್ ಬ್ಯಾಗಿನಲ್ಲಿರಲಿ. ಬರೀ ಮ್ಯಾಗ್ನೆಟ್ ನಂಬಿ ಗುಂಡಿಬಿದ್ದ ರಸ್ತೆಗೆ ಇಳಿದರೆ ಏನಾಗುತ್ತದೆ ಅಂತ ಎರಡನೇ ಪ್ರಶ್ನೆ ಕೇಳಿದವರು ಹೇಳಿಯಾರು.